ಮೂವರ ತಂಡವೋ, ಇಬ್ಬರ ತಂಡವೋ: ಶಾಲಾ ಚರ್ಚಾಕೂಟಕ್ಕೆ ಎರಡು ಪದ್ಧತಿಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಪ್ರೌಢಶಾಲೆಗಳನ್ನು ಸೇರಿಸಿ ಚರ್ಚಾಕೂಟ ನಡೆಸಬೇಕೆಂದಿರುವ ಶಿಕ್ಷಕರು ಸಾಮಾನ್ಯವಾಗಿ ವರ್ಲ್ಡ್ ಸ್ಕೂಲ್ಸ್ ಮತ್ತು ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ.

ವರ್ಲ್ಡ್ ಸ್ಕೂಲ್ಸ್ ಪದ್ಧತಿಯಲ್ಲಿ ಎರಡು ತಂಡಗಳು ಎದುರಾಗುತ್ತವೆ. ಪ್ರತಿ ತಂಡದ ಮೂವರು ತಲಾ 8 ನಿಮಿಷ ಮಾತನಾಡಿದ ಬಳಿಕ, ಆಯಾ ತಂಡದ ಮೊದಲ ಅಥವಾ ಎರಡನೆಯ ಭಾಷಣಕಾರರು 4 ನಿಮಿಷಗಳ ಉತ್ತರಭಾಷಣ ಮಾಡುತ್ತಾರೆ. ವಾದದ ಹುರುಳಿಗೆ 40, ಶೈಲಿಗೆ 40, ತಂತ್ರಕ್ಕೆ 20 ಅಂಕಗಳು. ಕೆಲವು ಸುತ್ತುಗಳ ವಿಷಯವನ್ನು ಮೊದಲೇ ತಿಳಿಸುವುದರಿಂದ, ಅಡಿಕೆ ತೋಟಗಳ ವಿಸ್ತರಣೆಗೆ ಮಿತಿ ಬೇಕೇ ಎಂಬಂತಹ ಪ್ರಶ್ನೆಯನ್ನು ಮಕ್ಕಳು ಮನೆಯ ಹಿರಿಯರೊಂದಿಗೂ ಚರ್ಚಿಸಿ, ಆಧಾರಗಳನ್ನು ಕಲೆಹಾಕಿಕೊಂಡು ಬರಬಹುದು. ಮೊದಲ ಬಾರಿ ವೇದಿಕೆ ಏರುವವರಿಗೆ ಇದು ದೊಡ್ಡ ಆಸರೆ.

ಬ್ರಿಟಿಷ್ ಪದ್ಧತಿಯಲ್ಲಿ ಇಬ್ಬಿಬ್ಬರ ನಾಲ್ಕು ತಂಡಗಳಿದ್ದು, ಎರಡು ವಿಷಯದ ಪರವಾಗಿ, ಎರಡು ವಿರುದ್ಧವಾಗಿ ವಾದಿಸುತ್ತವೆ; ಪ್ರತಿಯೊಬ್ಬ ಭಾಷಣಕಾರರೂ 7 ನಿಮಿಷ ಮಾತನಾಡುತ್ತಾರೆ. ತಯಾರಿಗೆ ಸಿಗುವುದು 15 ನಿಮಿಷ ಮಾತ್ರ. ಒಂದೇ ಪಕ್ಷದ ಎರಡು ತಂಡಗಳೂ ಪರಸ್ಪರ ಸ್ಪರ್ಧಿಗಳೇ ಆಗಿರುವುದು ಹೊಸಬರಿಗೆ, ಕೆಲವೊಮ್ಮೆ ತೀರ್ಪುಗಾರರಿಗೂ, ತೊಡಕಾಗುತ್ತದೆ.

ಭಾಷಣಗಳ ಒಟ್ಟು ಅವಧಿ ಎರಡರಲ್ಲೂ 56 ನಿಮಿಷವೇ. ಆದರೆ 16 ತಂಡಗಳ ಒಂದು ಸುತ್ತಿಗೆ ಮೊದಲನೆಯದಕ್ಕೆ ಎಂಟು ಕೊಠಡಿಗಳು ಬೇಕಾದರೆ ಎರಡನೆಯದಕ್ಕೆ ನಾಲ್ಕು ಸಾಕು. ತೀರ್ಪುಗಾರರ ಕೊರತೆಯಿರುವ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೂ ಪ್ರೌಢಶಾಲೆಗಳಿಗೆ ನನ್ನ ಸ್ಪಷ್ಟ ಸಲಹೆ ವರ್ಲ್ಡ್ ಸ್ಕೂಲ್ಸ್. ಕೊಠಡಿಗಳು ಸಾಲದಿದ್ದರೆ ಸುತ್ತುಗಳನ್ನು ಕಡಿಮೆ ಮಾಡಿ, ತಯಾರಿಯ ಅವಕಾಶವನ್ನು ಮಾತ್ರ ಕಸಿಯಬೇಡಿ.