ಯಾರ್ಕ್‌ಷೈರ್ ಕೃಷಿ ಮೇಳವೋ, ಕಾರ್ನ್‌ವಾಲ್ ಮೇಳವೋ?

ಶಾಲೆಗೆ ಹೋಗುವ ಮಕ್ಕಳಿದ್ದರೆ ಮೊದಲು ವಾರ ನೋಡಿ. ಹ್ಯಾರೊಗೇಟ್‌ನ ಗ್ರೇಟ್ ಯಾರ್ಕ್‌ಷೈರ್ ಶೋ ನಡೆಯುವುದು ಜುಲೈನಲ್ಲಿ, ಮಂಗಳವಾರದಿಂದ ಶುಕ್ರವಾರದವರೆಗೆ. ಇಂಗ್ಲೆಂಡಿನ ಶಾಲೆಗಳ ಬೇಸಿಗೆ ರಜೆ ಸಾಮಾನ್ಯವಾಗಿ ಆಗಿನ್ನೂ ಶುರುವಾಗಿರುವುದಿಲ್ಲ. ವೇಡ್‌ಬ್ರಿಜ್‌ನ ರಾಯಲ್ ಕಾರ್ನ್‌ವಾಲ್ ಶೋ ಜೂನ್‌ನಲ್ಲಿ, ಗುರುವಾರದಿಂದ ಶನಿವಾರ. ಆ ಶನಿವಾರವೇ ಅದರ ದೊಡ್ಡ ಅನುಕೂಲ.

ಕಾರಿಲ್ಲದವರಿಗೆ ಹ್ಯಾರೊಗೇಟ್ ವಾಸಿ. ಹಾರ್ನ್‌ಬೀಮ್ ಪಾರ್ಕ್ ನಿಲ್ದಾಣದಿಂದ ನಡೆದೇ ಹೋಗಬಹುದು. ವೇಡ್‌ಬ್ರಿಜ್‌ಗೆ 1967ರಿಂದ ಪ್ರಯಾಣಿಕರ ರೈಲಿಲ್ಲ. ಬಾಡ್ಮಿನ್ ಪಾರ್ಕ್‌ವೇಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಪುಟ್ಟ ಮಕ್ಕಳಿದ್ದರೆ ನಮ್ಮ ಆಯ್ಕೆ ಹ್ಯಾರೊಗೇಟ್.

ಮಳೆಯ ಮಾತು ಎರಡಕ್ಕೂ ಒಂದೇ. 2012ರಲ್ಲಿ ವಾಹನ ನಿಲ್ಲಿಸುವ ಹೊಲಗಳು ಕೆಸರಾಗಿ ಯಾರ್ಕ್‌ಷೈರ್ ಮೇಳ ಮೊದಲ ದಿನಕ್ಕೇ ನಿಂತುಹೋಯಿತು. ಗಮ್‌ಬೂಟು, ಬದಲಿ ಕಾಲುಚೀಲ ಇರಲಿ. ಸಣ್ಣ ಚಕ್ರದ ತಳ್ಳುಗಾಡಿ ಒದ್ದೆ ಹುಲ್ಲಿನಲ್ಲಿ ಹೂತುಕೊಳ್ಳುತ್ತದೆ; ದೊಡ್ಡ ಚಕ್ರದ್ದು ತನ್ನಿ, ಇಲ್ಲವೇ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಿ.

ಕುರಿ, ಹಂದಿ, ದನ ಮುಟ್ಟಿದ ಮೇಲೆ ತಿನ್ನುವ ಮೊದಲು ಮಕ್ಕಳ ಕೈಯನ್ನು ಸೋಪು ಹಚ್ಚಿ, ಹರಿಯುವ ನೀರಲ್ಲಿ 20 ಸೆಕೆಂಡು ತೊಳೆಸಿ. ಸ್ಯಾನಿಟೈಸರ್ ಜೆಲ್ ಸಾಲದು: ವಾಂತಿಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ರೋಗಾಣು ಅದಕ್ಕೆ ಸಾಯುವುದಿಲ್ಲ.