ವೋಚರ್‌ನಲ್ಲಿ ‘ಬ್ರಸೆಲ್ಸ್ ಸೌತ್’ ಅಂತ ಇದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಯುರೋಪ್ ಪ್ಯಾಕೇಜಿಗೆ ಅಡ್ವಾನ್ಸ್ ಕೊಟ್ಟವರು, ಕೊಡಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ವಾಪಸ್ ಬಂದು ಹದಿನೈದು ದಿನ ಆಯಿತು, ಇನ್ನೂ ಸಿಟ್ಟು ಇಳಿದಿಲ್ಲ. ಬರೆಯಲು ನಾಚಿಕೆಯೂ ಆಗುತ್ತಿದೆ. ಯಾಕೆಂದರೆ ನಾನು ಕೆಲಸ ಮಾಡುವುದು ಆಡಿಟರ್ ಆಫೀಸಿನಲ್ಲಿ. ಮಂದಿಯ ವೋಚರ್ ಒಂದೊಂದೇ ನೋಡಿ ಟಿಕ್ ಹಾಕುವುದೇ ನನ್ನ ಹೊಟ್ಟೆಪಾಡು. ನನ್ನ ಹೋಟೆಲ್ ವೋಚರ್ ಮಾತ್ರ ನಾನು ನೋಡಲಿಲ್ಲ.

ಪ್ಲಾನ್ ದೊಡ್ಡದೇನೂ ಇರಲಿಲ್ಲ. ಮೇ ತಿಂಗಳು. ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು, ನಡುವೆ ಬ್ರಸೆಲ್ಸ್‌ನಲ್ಲಿ ಒಂದೇ ಒಂದು ರಾತ್ರಿ. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ರೈಲು ಮೂರೂವರೆ ತಾಸಿನೊಳಗೆ ಮುಟ್ಟಿಸುತ್ತದೆ, ಗೊತ್ತು. ಆದರೆ ಜೊತೆಗೆ ಅವ್ವ ಇದ್ದಳು, ಮೊಣಕಾಲು ನೋವು. ಬ್ರಸೆಲ್ಸ್ ಪ್ಯಾರಿಸ್‌ನಿಂದ ಒಂದೂವರೆ ತಾಸೂ ಇಲ್ಲ. ಇಳಿದು, ಸ್ಟೇಷನ್ ಪಕ್ಕದಲ್ಲೇ ಬ್ಯಾಗ್ ಇಟ್ಟು, ಅವ್ವನಿಗೆ ಎರಡು ತಾಸು ಮಲಗಲು ಬಿಟ್ಟು, ಸಂಜೆ ಗ್ರ್ಯಾಂಡ್ ಪ್ಲಾಸ್ ಚೌಕ, ದೀಪ ಹತ್ತಿದ ಮೇಲೆ ಮತ್ತೊಂದು ಸುತ್ತು. ಮಗನಿಗೆ 1958ರ ಎಕ್ಸ್‌ಪೋ ಅನ್ನುವ ವಿಶ್ವ ಮೇಳಕ್ಕೆ ಕಟ್ಟಿದ ಅಟೋಮಿಯಂ ನೋಡಬೇಕಿತ್ತು. ಹೆಂಡತಿಗೆ ಚಾಕಲೇಟ್. ಅಷ್ಟೇ.

ಏಜೆಂಟ್ ಹುಬ್ಬಳ್ಳಿಯವರೇ. ಹೆಸರು ಬರೆಯುವುದಿಲ್ಲ. ಎಸಿ ಆಫೀಸು, ಗೋಡೆ ತುಂಬ ಐಫೆಲ್ ಟವರ್. "ಸರ್ರ, ಬ್ರಸೆಲ್ಸ್ ಸೌತ್ ಸ್ಟೇಷನ್ ಬಾಜೂಕ ಹೋಟೆಲ್ ರೀ. ರೈಲ್ ಇಳದ್ರ ರೂಮ್," ಅಂದರು. ವೀಸಾ ಫೈಲಿನಲ್ಲಿ ಹಾಕಿದ ಹೋಟೆಲ್ ನಿಜಕ್ಕೂ ಹಾಗೇ ಇತ್ತು. ನಾನೇ ಮ್ಯಾಪ್‌ನಲ್ಲಿ ನೋಡಿದ್ದೆ, ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಅದನ್ನು ನೋಡಿಯೇ ಸಮಾಧಾನ ಆಗಿ ವೀಸಾ ಬಂದ ದಿನ ಬಾಕಿ ಎಲ್ಲ ಕಟ್ಟಿಬಿಟ್ಟೆ.

ಹೊರಡುವ ಎರಡು ದಿನ ಮೊದಲು ವಾಟ್ಸಾಪ್‌ನಲ್ಲಿ ವೋಚರ್‌ಗಳ ಪಿಡಿಎಫ್ ಬಂತು. ಮೂವತ್ತು ಪುಟದ ಮೇಲಿತ್ತು. ಅದರ ಜೊತೆ ನಾಲ್ಕು ಕುತ್ತಿಗೆ ದಿಂಬು, ಫ್ರೀ. ಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದರು, ಬ್ಯಾಗ್ ತೂಕದ ಜಗಳ ಬೇರೆ ನಡೆದಿತ್ತು. ‘ಬ್ರಸೆಲ್ಸ್ ಸೌತ್’ ಅಂತ ಕಂಡಿತು, ಸರಿ ಅಂದುಕೊಂಡೆ. ಹೋಟೆಲ್ ಹೆಸರು ಬದಲಾಗಿತ್ತು. ಕಣ್ಣಿಗೆ ಬೀಳಲಿಲ್ಲ.

ಬ್ರಸೆಲ್ಸ್‌ನಲ್ಲಿ ಇಳಿದಾಗ ಮಧ್ಯಾಹ್ನ ಎರಡರ ಹತ್ತಿರ. ಅಲ್ಲಿ ಬೋರ್ಡ್ ಎಲ್ಲ ಎರಡು ಭಾಷೆಯಲ್ಲಿ. ಫ್ರೆಂಚ್‌ನಲ್ಲಿ ಮಿದಿ, ಡಚ್‌ನಲ್ಲಿ ಜೌಡ್. ಎರಡಕ್ಕೂ ಅರ್ಥ ದಕ್ಷಿಣ, ಅಂದರೆ ಸೌತ್. ‘ನೋಡಿ, ಸರಿಯಾದ ಸ್ಟೇಷನ್ನಿಗೇ ಬಂದಿದ್ದೇವೆ’ ಅಂತ ನಾನೇ ದೊಡ್ಡದಾಗಿ ಹೇಳಿದೆ. ಹೊರಗೆ ಬಂದು ಟ್ಯಾಕ್ಸಿಯವನಿಗೆ ಮೊಬೈಲ್ ತೋರಿಸಿದೆ. ಅವನು ಓದಿದ. ನಮ್ಮ ನಾಲ್ಕು ಬ್ಯಾಗ್ ನೋಡಿದ. ಅವ್ವನನ್ನು ನೋಡಿದ. "ಶಾರ್ಲರುವಾ?" ಅಂದ. ನೂರಕ್ಕೂ ಜಾಸ್ತಿ ಯೂರೋ ಆಗುತ್ತದೆ ಅಂತ ಬೆರಳಲ್ಲಿ ತೋರಿಸಿದ.

ನನಗೆ ತಿಳಿಯಲೇ ಇಲ್ಲ. ಮಗ ಮೊಬೈಲ್ ಕಿತ್ತುಕೊಂಡು ನೋಡಿದ. "ಪಪ್ಪಾ, ಬ್ರಸೆಲ್ಸ್ ಪಿನ್‌ಕೋಡ್ 1ರಿಂದ ಶುರು ಆಗ್ತದ. ಇದು 6041." ಬ್ರಸೆಲ್ಸ್ ಸೌತ್ ಶಾರ್ಲರುವಾ ಅಂತ ಒಂದು ವಿಮಾನ ನಿಲ್ದಾಣ ಇದೆ. ಹೆಸರಿನಲ್ಲಿ ಬ್ರಸೆಲ್ಸ್ ಇದೆ, ಇರುವುದು ಶಾರ್ಲರುವಾ ಅನ್ನುವ ಬೇರೆ ಊರಿನಲ್ಲಿ. ರಸ್ತೆ ಮೇಲೆ ಐವತ್ತು ಕಿಲೋಮೀಟರಿಗೂ ಜಾಸ್ತಿ. ನಮ್ಮ ಹೋಟೆಲ್ ಆ ನಿಲ್ದಾಣದ ಪಕ್ಕದಲ್ಲಿ. ಹುಬ್ಬಳ್ಳಿಯಲ್ಲಿ ರೂಮ್ ಅಂತ ಹೇಳಿ ಗದಗಿನಲ್ಲಿ ಮಲಗಿಸಿದ ಹಾಗೆ. ನಮ್ಮಲ್ಲೂ ಹುಬ್ಬಳ್ಳಿ ಸೌತ್ ಅನ್ನುವ ಸ್ಟೇಷನ್ ಇದೆ, ಅದು ಹುಬ್ಬಳ್ಳಿಯೊಳಗೇ ಇದೆ ಅಲ್ವಾ? ಸೌತ್ ಅಂದರೆ ಊರಿನ ದಕ್ಷಿಣ ಭಾಗ ಅಂದುಕೊಳ್ಳುವುದು ನನ್ನ ತಪ್ಪಾ?

ಅಲ್ಲೇ ಬೆಂಚಿನ ಮೇಲೆ ಕುಳಿತು ವೀಸಾ ಫೈಲಿನ ಕಾಗದ, ಈ ಪಿಡಿಎಫ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೋಟೆಲ್ ಹೆಸರು ಬೇರೆ, ವಿಳಾಸ ಬೇರೆ. ವೀಸಾ ಆದ ಮೇಲೆ ಒಳ್ಳೆಯದನ್ನು ಕ್ಯಾನ್ಸಲ್ ಮಾಡಿ ಅಗ್ಗದ್ದನ್ನು ಹಾಕಿದ್ದಾರೆ. ಇಡೀ ದಿನ ಆಫೀಸಿನಲ್ಲಿ ನಾನು ಮಾಡುವ ಕೆಲಸ ಇದೇ, ಎರಡು ಕಾಗದ ತಾಳೆ ನೋಡುವುದು. ಮೈಯೆಲ್ಲ ಬಿಸಿಯಾಯಿತು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಫೋನ್ ಹಚ್ಚಿದೆ. ಅಲ್ಲಿ ಮೂರು ಗಂಟೆ, ಹುಬ್ಬಳ್ಳಿಯಲ್ಲಿ ಸಂಜೆ ಆರೂವರೆ. ಎತ್ತಿದರು.

"ವೋಚರ್‌ನ್ಯಾಗ ಬ್ರಸೆಲ್ಸ್ ಸೌತ್ ಅಂತನ ಬರದೈತಲ್ರಿ ಸರ. ನಾವೇನ್ ಸುಳ್ಳ ಹೇಳೇವೇನ್ರಿ?"

ಸ್ಟೇಷನ್ ಬಾಜೂಕ ಅಂದಿದ್ದಿರಲ್ಲರೀ ಅಂದೆ.

"ಏರ್‌ಪೋರ್ಟ್ ಬಾಜೂಕ ಐತ್ರಿ, ಅದೂ ಸ್ಟೇಷನ್ ಇದ್ದಂಗ. ಅಲ್ಲಿ ರೋಡ್ ಭಾಳ ಚೊಲೊ ಇರ್ತಾವ್ರಿ. ಐವತ್ತ್ ಕಿಲೋಮೀಟರ್ ಹೋಗಿದ್ದ ಗೊತ್ತ ಆಗೂದಿಲ್ಲ."

ಗೊತ್ತಾಗುವುದಿಲ್ಲವಂತೆ! ಎಸಿ ಆಫೀಸಿನಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು. ಹೋಟೆಲ್ ಯಾಕೆ ಬದಲಾಯಿಸಿದಿರಿ ಅಂದರೆ "ಸೀಸನ್ ರೀ, ಫುಲ್ ಆಗಿತ್ತು" ಅಂದರು. ಕೊನೆಗೆ "ಟೂರ್ ಎಂಜಾಯ್ ಮಾಡ್ರಿ ಸರ, ಬಂದ ಮ್ಯಾಲ ಕುಂತ ಮಾತಾಡೂನು" ಅಂತ ಇಟ್ಟರು. ಆಮೇಲೆ ಮೆಸೇಜ್‌ಗೆ ನೀಲಿ ಟಿಕ್ ಮಾತ್ರ.

ಆ ಹೊತ್ತಿಗೆ ಊರೊಳಗೆ ಬೇರೆ ಎರಡು ರೂಮ್ ಹುಡುಕಿದರೆ ಮೂವತ್ತು ಸಾವಿರದ ಮೇಲೆ ತೋರಿಸಿತು. ಮನಸ್ಸು ಬರಲಿಲ್ಲ. ಬ್ಯಾಗ್ ಸ್ಟೇಷನ್ ಲಾಕರಿನಲ್ಲಿ ಹಾಕಿ ಗ್ರ್ಯಾಂಡ್ ಪ್ಲಾಸ್‌ಗೆ ಓಡಿದೆವು. ಚೌಕ ಚೆಂದ ಇದೆ, ಸುಳ್ಳು ಹೇಳಬಾರದು. 1695ರಲ್ಲಿ ಫ್ರೆಂಚರ ತೋಪಿಗೆ ಹಾಳಾಗಿ ಮತ್ತೆ ಕಟ್ಟಿದ ಮನೆಗಳು ಇವು ಅಂತ ಮಗ ಓದಿ ಹೇಳುತ್ತಿದ್ದ. ನನ್ನ ಕಣ್ಣು ಗಡಿಯಾರದ ಮೇಲೆ. ಮೂತ್ರ ಮಾಡುವ ಹುಡುಗನ ಪ್ರಸಿದ್ಧ ಮೂರ್ತಿ ಅಲ್ಲೇ ಹತ್ತಿರ, ಎರಡು ಅಡಿಯಷ್ಟು ಎತ್ತರ. ಅವ್ವ ಮೊಣಕಾಲು ತಿಕ್ಕಿಕೊಳ್ಳುತ್ತ, "ಇದನ್ನ ನೋಡಾಕ ಬಂದೇವೇನು?" ಅಂದಳು. ಅಟೋಮಿಯಂ ಇಲ್ಲ. ದೀಪ ಇಲ್ಲ. ಮೇ ತಿಂಗಳಲ್ಲಿ ಅಲ್ಲಿ ಸರಿಯಾಗಿ ಕತ್ತಲಾಗುವುದೇ ಹತ್ತರ ಮೇಲೆ, ನಾವು ಅಷ್ಟರಲ್ಲಿ ಊರು ಬಿಟ್ಟಾಗಿತ್ತು.

ಏರ್‌ಪೋರ್ಟ್ ಬಸ್ಸಿಗೆ ನಾಲ್ಕು ಜನಕ್ಕೆ ಅರವತ್ತು ಯೂರೋ ಮೇಲೆ ಹೋಯಿತು. ಒಂದು ತಾಸು. ಕಿಟಕಿ ತೆರೆದರೆ ಕಾರ್ ಪಾರ್ಕಿಂಗ್. ಅವ್ವ ಮಂಚದ ಮೇಲೆ ಪೇಪರ್ ಹಾಸಿ ಖಡಕ್ ರೊಟ್ಟಿ ಮುರಿದು, ಚಟ್ನಿಗೆ ಎಣ್ಣೆ ಹಾಕಿ ಎಲ್ಲರಿಗೂ ಕೊಟ್ಟಳು. "ಊರ್ ಎಲ್ಲೈತಿ?" ಅಂತ ಕಿಟಕಿಯತ್ತ ನೋಡಿ ಕೇಳಿದಳು. ಬೆಳಿಗ್ಗೆ ಎಂಟು ಚಿಲ್ಲರೆಗೆ ಆಮ್‌ಸ್ಟರ್‌ಡ್ಯಾಮ್ ರೈಲು, ಬದಲಾಯಿಸಲು ಬಾರದ ಟಿಕೆಟ್. ಐದಕ್ಕೇ ಎದ್ದು ಅದೇ ಬಸ್ಸು, ಮತ್ತೆ ಅಷ್ಟೇ ದುಡ್ಡು. ಅವ್ವನಿಗೆ ವಿಶ್ರಾಂತಿ ಸಿಗಲಿ ಅಂತ ಮಾಡಿದ ನಿಲುಗಡೆ ಇದು!

ವಾಪಸ್ ಬಂದು ಏಜೆಂಟರ ಆಫೀಸಿಗೆ ಹೋದೆ. ಚಹಾ ತರಿಸಿದರು. "ರೂಮ್‌ನ್ಯಾಗ ಇದ್ದ ಬಂದೀರಿ ಅಂದ್ರ ಸರ್ವಿಸ್ ತಗೊಂಡಂಗ ಆತಲ್ರಿ" ಅಂದರು. ಎರಡು ಹೋಟೆಲಿನ ರೇಟಿನ ವ್ಯತ್ಯಾಸ, ಬಸ್ ದುಡ್ಡು ಕೊಡಿ ಅಂದೆ. ಮುಂದಿನ ದುಬೈ ಪ್ಯಾಕೇಜಿನಲ್ಲಿ ಐದು ಸಾವಿರ ಕಡಿಮೆ ಮಾಡುತ್ತಾರಂತೆ. ನನ್ನ ದುಡ್ಡು ನನಗೆ ಸಿಗಬೇಕಾದರೆ ನಾನು ಮತ್ತೆ ಅವರಿಗೇ ದುಡ್ಡು ಕೊಡಬೇಕು.

ವೀಸಾಗೆ ಕೊಟ್ಟ ಹೋಟೆಲ್ ಕಾಗದವನ್ನೂ ಕೊನೆಯ ವೋಚರನ್ನೂ ಕಡ್ಡಾಯ ತಾಳೆ ನೋಡಿ, ಅದೂ ಬಾಕಿ ದುಡ್ಡು ಕಟ್ಟುವ ಮೊದಲು. ಪಿನ್‌ಕೋಡ್ ನೋಡಿ. ‘ಬಾಜೂಕ’ ಅಂದರೆ ಯಾವುದರ ಬಾಜೂಕ ಅಂತ ಬರೆಸಿಕೊಳ್ಳಿ. ಇಂಥ ಹೆಸರು ಇದೊಂದೇ ಅಲ್ಲ. ಪ್ಯಾರಿಸ್ ಬೋವೆ ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್, ಫ್ರಾಂಕ್‌ಫರ್ಟ್ ಹಾನ್ ಸುಮಾರು 120. ಒಂದೇ ರಾತ್ರಿ ನಿಲ್ಲುವ ಊರಿನ ಹೋಟೆಲಿನಲ್ಲೇ ಇವರು ಉಳಿಸುವುದು, ನಾವು ಹೆಚ್ಚು ನೋಡುವುದಿಲ್ಲ ಅಂತ ಅವರಿಗೆ ಗೊತ್ತು.

ಧಾರವಾಡದ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಫೀ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಿಮಗೂ ಹೀಗೆ ಆಗಿದ್ದರೆ ಕಾಗದ ಎಸೆಯಬೇಡಿ, ಚಾಟ್ ಅಳಿಸಬೇಡಿ. ನಿನ್ನೆ ಅವರಿಂದ ಮತ್ತೆ ಮೆಸೇಜ್ ಬಂತು, ಎರಡು ಗುಲಾಬಿ ಚಿತ್ರದ ಜೊತೆ: "ಸರ್ರ, ದುಬೈ ಡೇಟ್ ಫಿಕ್ಸ್ ಮಾಡೂನೇನ್ರಿ?" ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕಿದ್ದೇನೆ.