ಮೈಲೇಜ್ ಆಸೆಗೆ ಚಿಕ್ಕ ಜೆಟ್ ಹಾಕಿಸಬೇಡಿ: ಚಾರ್ಮಾಡಿ ಇಳಿದ ಮೇಲೆ ಸೀಜ್ ಆದ ನನ್ನ ಸ್ಕೂಟರ್

ಚಿಕ್ಕಮಗಳೂರು ಕಡೆ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಸ್ಕೂಟರ್ ಓಡಿಸುವವರು ದಯವಿಟ್ಟು ಇದನ್ನು ಓದಿ. ಮೈಲೇಜ್ ಹೆಚ್ಚಿಸಿಕೊಡುತ್ತೇನೆಂದು ಯಾರಾದರೂ ಅದರ ಮೇನ್ ಜೆಟ್ (ಪೆಟ್ರೋಲು ಹರಿಯುವ ಸಣ್ಣ ರಂಧ್ರವಿರುವ ಹಿತ್ತಾಳೆಯ ಬಿಡಿಭಾಗ) ಬದಲಾಯಿಸಲು ಬಂದರೆ ಒಪ್ಪಬೇಡಿ. ನಾನು ಒಪ್ಪಿದೆ. ಎಂಜಿನ್ ಕಚ್ಚಿಕೊಂಡು (ಸೀಜ್ ಆಗಿ) ಪಿಸ್ಟನ್, ಅದು ಓಡಾಡುವ ಬ್ಲಾಕ್ ಎರಡೂ ಹಾಳಾದವು, ಅದೂ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ.

ನನ್ನದು ಗೇರಿಲ್ಲದ 110 ಸಿಸಿ ಗಾಡಿ, ಬಿಎಸ್ 6 ಹೊಗೆ ನಿಯಮ ಬರುವುದಕ್ಕೆ ಮೊದಲಿನದು. ಮಳೆಗಾಲ ಮುಗಿದ ಮೇಲೆ ಸರ್ವೀಸಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಹೇಳಿದ: "ಸಾರ್, ನಮ್ಮೂರು ಎತ್ತರದಲ್ಲಿದೆ, ಗಾಳಿ ತೆಳು. ಕಂಪನಿ ಜೆಟ್ ಇಲ್ಲಿ ಪೆಟ್ರೋಲು ಸುಮ್ಮನೆ ಕುಡಿಯುತ್ತದೆ. ಚಿಕ್ಕದು ಹಾಕಿಕೊಡುತ್ತೇನೆ, ಲೀಟರಿಗೆ ಎಂಟು ಹತ್ತು ಕಿಲೋಮೀಟರ್ ಜಾಸ್ತಿ ಬರುತ್ತದೆ."

ನಾನು ನಂಬಿದ್ದು ಆ ಮಾತಿನಲ್ಲಿ ಅರ್ಧ ಸತ್ಯ ಇದ್ದುದರಿಂದ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದು ನಿಜ, ಅಲ್ಲಿ ಕಾರ್ಬೊರೇಟರ್ ಗಾಳಿಗೆ ಹೋಲಿಸಿದರೆ ಪೆಟ್ರೋಲನ್ನು ತುಸು ಹೆಚ್ಚಾಗಿ ಬೆರೆಸುವುದೂ ನಿಜ. ಆದರೆ ಎಷ್ಟು ಹೆಚ್ಚು? ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಅಷ್ಟು ಎತ್ತರಕ್ಕೆ ವ್ಯತ್ಯಾಸ ಬರುವುದು ಶೇ 5ರಷ್ಟು ಮಾತ್ರ. ಅವನು 75ರ ಜೆಟ್ ತೆಗೆದು 65 ಹಾಕಿದ್ದ. ಇಂಥ ಜೆಟ್‌ಗಳ ಮೇಲಿನ ಸಂಖ್ಯೆ ಸಾಮಾನ್ಯವಾಗಿ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 75 ಇದ್ದದ್ದು 65 ಆದರೆ ರಂಧ್ರದ ವಿಸ್ತೀರ್ಣ ಕಾಲುಭಾಗ ಕುಗ್ಗಿತು ಎಂದರ್ಥ. ಈ ಲೆಕ್ಕವನ್ನು ನಾನು ಮಾಡಿ ನೋಡಿದ್ದು ಎಲ್ಲ ಮುಗಿದ ಮೇಲೆ.

ಊರೊಳಗೆ ಏನೂ ಗೊತ್ತಾಗಲಿಲ್ಲ. ನಿಧಾನವಾಗಿ ಓಡಿಸುವಾಗ ಪೆಟ್ರೋಲು ಕೊಡುವುದು ಹೆಚ್ಚಾಗಿ ಕಾರ್ಬೊರೇಟರಿನ ಬೇರೆ ಭಾಗಗಳಾದ ಪೈಲಟ್ ಜೆಟ್ ಮತ್ತು ನೀಡಲ್. ಮೇನ್ ಜೆಟ್ಟಿನ ಕೆಲಸ ಇರುವುದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ. ಎಂ.ಜಿ. ರಸ್ತೆಯಲ್ಲಿ ಅದನ್ನು ಯಾರು ಪೂರ್ತಿ ತಿರುಗಿಸುತ್ತಾರೆ? ಸೂಚನೆಗಳು ಇರಲಿಲ್ಲವೆಂದಲ್ಲ. ಏರಿನಲ್ಲಿ ಗಾಡಿ ಉಸಿರು ಕಟ್ಟಿದಂತೆ ಎಳೆಯುತ್ತಿತ್ತು, ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತಿತ್ತು. ಚಳಿಗೆ ಹೀಗಾಗುತ್ತಿದೆ ಎಂದುಕೊಂಡೆ.

ಡಿಸೆಂಬರಿನಲ್ಲಿ ಉಜಿರೆಯ ಚಿಕ್ಕಮ್ಮನ ಮನೆಗೆ ಹೊರಟೆವು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರೆಗೂ ತೊಂದರೆ ಇರಲಿಲ್ಲ. ಘಾಟಿ ಇಳಿದಂತೆ ಗಾಳಿ ದಟ್ಟವಾಗುತ್ತದೆ, ಮೊದಲೇ ಸಾಲದಿದ್ದ ಪೆಟ್ರೋಲು ಅಲ್ಲಿ ಇನ್ನಷ್ಟು ಸಾಲದಾಗುತ್ತದೆ. ಮೇಲಿನಿಂದ ಕರಾವಳಿ ಕಡೆಯ ಬಿಸಿಲು. ಕೆಳಗೆ ಸಮತಟ್ಟಾದ ರಸ್ತೆ ಸಿಕ್ಕಿತೆಂದು ಹತ್ತು ನಿಮಿಷ ವೇಗವಾಗಿ ಓಡಿಸಿದೆ. ಎಂಜಿನ್ನಿನ ದನಿ ಒಮ್ಮೆಲೇ ಬಿಗಿಯಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಗಿ ಎಂಜಿನ್ ನಿಂತಿತು. ಗೇರಿಲ್ಲದ ಗಾಡಿಯಾದ್ದರಿಂದ ಕ್ಲಚ್ ತಾನೇ ಬಿಟ್ಟುಕೊಂಡಿತು, ಚಕ್ರ ಉರುಳುತ್ತಲೇ ಇತ್ತು, ಹೇಗೋ ಬದಿಗೆ ತಂದೆ. ಗೇರಿನ ಗಾಡಿಯಲ್ಲಿ ಹೀಗಾಗಿದ್ದರೆ ಹಿಂದಿನ ಚಕ್ರವೇ ಕಚ್ಚಿಕೊಳ್ಳುತ್ತಿತ್ತು. ಬೆನ್ನ ಹಿಂದೆಯೇ ಲಾರಿ ಬರುತ್ತಿತ್ತು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಕಿಕ್ಕರ್ ಕಲ್ಲಿನಂತೆ ಗಟ್ಟಿಯಾಗಿತ್ತು. ಅರ್ಧ ಗಂಟೆ ಬಿಟ್ಟು ಒತ್ತಿದರೆ ಕರಕರ ಎನ್ನುತ್ತಾ ಕೆಳಗಿಳಿಯಿತು. ಮತ್ತೆ ಸ್ಟಾರ್ಟ್ ಮಾಡಲು ಹೋಗದೆ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದೆವು.

ಉಜಿರೆಯಲ್ಲಿ ಎಂಜಿನ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಮೊದಲು ಸ್ಪಾರ್ಕ್ ಪ್ಲಗ್ (ಕಿಡಿ ಹೊತ್ತಿಸುವ ಭಾಗ) ತೆಗೆದು ನನ್ನ ಅಂಗೈ ಮೇಲಿಟ್ಟರು. ಅದರ ತುದಿ ಕಾಫಿ ಪುಡಿಯ ಬಣ್ಣಕ್ಕಿರಬೇಕು. ನನ್ನದು ಸುಣ್ಣ ಹಚ್ಚಿದಷ್ಟು ಬಿಳಿ. ಪಿಸ್ಟನ್ನಿನ ಪಕ್ಕದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಉದ್ದುದ್ದ ಗೀರುಗಳು. ಪೆಟ್ರೋಲು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಹೀರಿಕೊಳ್ಳುತ್ತದಂತೆ. ಅದು ಕಡಿಮೆಯಾದರೆ ಬಿಸಿ ಏರಿ, ಅಲ್ಯುಮಿನಿಯಂ ಪಿಸ್ಟನ್ ಹಿಗ್ಗಿ ಬೋರಿಗೆ (ಬ್ಲಾಕಿನ ಒಳಗೋಡೆಗೆ) ಕಚ್ಚಿಕೊಳ್ಳುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಬ್ಲಾಕ್, ಪಿಸ್ಟನ್, ಕೂಲಿ ಸೇರಿ ಏಳು ಸಾವಿರ ದಾಟಿತು. ಆ ಜೆಟ್ಟಿನಿಂದ ಎರಡು ತಿಂಗಳಲ್ಲಿ ಉಳಿದಿದ್ದ ಪೆಟ್ರೋಲು ಮುನ್ನೂರು ರೂಪಾಯಿಯದೂ ಇರಲಾರದು.

ನನ್ನ ಹಳೆಯ ಜೆಟ್ ಕೇಳಲು ಹೋದಾಗ ಮೊದಲಿನವನು "ಎಲ್ಲೋ ಬಿದ್ದುಹೋಯಿತು" ಎಂದ. ಸರ್ವೀಸಿಗೆ ಬಿಟ್ಟಾಗ ತೆಗೆದ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಜೆಟ್ ಕಟ್ಟಿಕೊಂಡಿದ್ದರೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ಗಾಳಿಯಲ್ಲಿ ಊದಿಸಿದರೆ ಸಾಕು. ಕಬ್ಬಿಣದ ತಂತಿ ತೂರಿಸಲು ಬಿಡಬೇಡಿ, ಹಿತ್ತಾಳೆ ಮೆದು, ರಂಧ್ರ ಅಗಲವಾಗುತ್ತದೆ. ಬದಲಾಯಿಸಲೇಬೇಕಾದರೆ ನಿಮ್ಮ ಮಾದರಿಗೆ ಕಂಪನಿ ಹೇಳಿದ ಸಂಖ್ಯೆಯದನ್ನೇ, ಅದೇ ತಯಾರಕರದ್ದನ್ನೇ ಹಾಕಿಸಿ. ಒಬ್ಬರ 75 ಇನ್ನೊಬ್ಬರ 75ಕ್ಕೆ ಸಮ ಇರಬೇಕೆಂದಿಲ್ಲ.

ಈಗಾಗಲೇ ಚಿಕ್ಕ ಜೆಟ್ ಹಾಕಿಸಿಕೊಂಡವರು ಘಾಟಿ ಇಳಿಯುವ ಮೊದಲು ಪ್ಲಗ್ ಬಿಚ್ಚಿಸಿ ಬಣ್ಣ ನೋಡಿ. ಬಿಳಿಯಿದ್ದರೆ ಅಂದು ಬಸ್ಸಿನಲ್ಲಿ ಹೋಗಿ.